ಎಮ್ಮೆ ಒಪ್ಪದ ಬೆವರು

ನನ್ನ ಮೈ ನಾರುತ್ತಿದೆ ಎಂದು ನನಗೆ ಮೊಟ್ಟಮೊದಲು ತಿಳಿಸಿದ್ದು ನಮ್ಮ ಮನೆಯ ಎಮ್ಮೆ. ಗಂಡ ಹೇಳಲಿಲ್ಲ, ಅತ್ತೆ ಹೇಳಲಿಲ್ಲ. ಹಳಿಯಾಳದ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಎರಡೇ ನಿಮಿಷಕ್ಕೆ ಎದ್ದು, ‘ಅಲ್ಲಿ ಗಾಳಿ ಛಲೋ ಬರ್ತೈತಿ’ ಎಂದು ಮುಂದಿನ ಸೀಟಿಗೆ ಹೋದ ಹೆಂಗಸರೂ ಹೇಳಲಿಲ್ಲ. ಅವರೆಲ್ಲ ಮರ್ಯಾದಸ್ಥರು. ಎಮ್ಮೆಗೆ ಅಂಥ ಮರ್ಯಾದೆಯ ಕಾಟವಿಲ್ಲ. ಅದಕ್ಕೊಂದು ಹೆಸರೂ ಇದೆ. ಆದರೆ ಮನೆಯವರ ಹೆಸರನ್ನೇ ಬರೆಯದ ನಾನು ಎಮ್ಮೆಯದ್ದನ್ನು ಮಾತ್ರ ಬರೆದರೆ ನಮ್ಮ ಅತ್ತೆ ಸುಮ್ಮನಿರುವುದಿಲ್ಲ.

ನಮ್ಮ ಊರು ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಮನೆಯಲ್ಲಿ ಮೂವರೇ: ನಾನು, ನಮ್ಮವರು, ಅತ್ತೆ. ನಮ್ಮವರು ದಾಂಡೇಲಿಯ ಕಾಗದದ ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಹೋಗುತ್ತಾರೆ. ಹೋಗುವಾಗ ಬೈಕಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗಿ, ಅಲ್ಲಿ ಗೊತ್ತಿರುವ ನಾಲ್ಕು ಮನೆಗೆ ಕೊಟ್ಟು, ಆಮೇಲೆ ಕಾರ್ಖಾನೆಯ ಗೇಟು ಹೊಗುತ್ತಾರೆ. ಆ ಹಾಲು ಹಿಂಡುವುದು ನನ್ನ ಕೆಲಸ. ಕೆಲಸ ಎನ್ನುವುದಕ್ಕಿಂತ ನನ್ನ ಸೊಕ್ಕು ಎಂದರೆ ಸರಿ. ನನ್ನ ತವರು ಮುಂಡಗೋಡ ತಾಲೂಕಿನ ಮಳಗಿ. ಅಲ್ಲಿ ಏಳನೆಯ ವರ್ಷಕ್ಕೇ ನಾನು ಎಮ್ಮೆಯ ಕೆಳಗೆ ಕೂತವಳು. ಒದೆಯುವ ಎಮ್ಮೆ, ಹಾಲು ಕದಿಯುವ ಎಮ್ಮೆ, ಎಂಥದ್ದನ್ನೂ ನನ್ನ ಎದುರಿಗೆ ತಂದು ಕಟ್ಟಿ, ಮೂರು ದಿನದಲ್ಲಿ ದಾರಿಗೆ ತರುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಈ ಎಮ್ಮೆಯನ್ನು ತಂದದ್ದು ಜೋಯಿಡಾ ಕಡೆಯ ಕಾಡಂಚಿನ ಒಬ್ಬ ಗೌಳಿ ಮುದುಕನಿಂದ. ಎಮ್ಮೆಯ ಜೊತೆಗೆ ಅವನು ತನ್ನ ಹಳೆಯ ಕಂಬಳಿಯ ಒಂದು ತುಂಡನ್ನೂ ಕೊಟ್ಟಿದ್ದ. ಅವನ ಮನೆಮಾತು ಮರಾಠಿ, ಕನ್ನಡ ತಡೆದು ತಡೆದು ಬರುತ್ತಿತ್ತು. ‘ಇದನ್ನ ಗ್ವಾದ್ಲಿ ಮ್ಯಾಲ ಹಾಕ್ರಿ. ನನ್ನ ವಾಸನಿ ಇರೂತನಕಾ ಒದರೂದಿಲ್ಲ. ಅದು ಹೋಗೂದ್ರಾಗ ನಿಮ್ಮ ವಾಸನಿ ಹತ್ತಿರ್ತೈತಿ’ ಎಂದ. ಮೇವು ಹಾಕುವ ಗೋದಲಿಯ ಮೇಲೆ ಆ ತುಂಡನ್ನು ಹಾಕಿದೆವು. ಅದು ಹಾಗೆಯೇ ಆಯಿತು. ಕಾಡಿನಲ್ಲಿ ಮೇದು ಬೆಳೆದ ಎಮ್ಮೆಗೆ ಕಣ್ಣಿಗಿಂತ ಮೂಗೇ ಮುಂದೆ ಎಂಬುದು ನನಗೆ ಆಗಲೇ ತಿಳಿಯಬೇಕಿತ್ತು.

ನಮ್ಮಲ್ಲಿಗೆ ಬಂದು ಅದು ಈದ ಮೊದಲ ಕರು ಒಂದೂವರೆ ತಿಂಗಳಿಗೆ ಸತ್ತುಹೋಯಿತು. ಕರುವಿಲ್ಲದೆ ಎಮ್ಮೆ ಹಾಲು ಇಳಿಸುವುದಿಲ್ಲ. ಕೆಚ್ಚಲಲ್ಲಿ ಹಾಲಿದ್ದರೂ ಮೇಲಕ್ಕೆ ಎಳೆದುಕೊಂಡು ನಿಲ್ಲುತ್ತದೆ. ಮೂರು ದಿನ ಅದು ಒದರಿತು. ಮೂರು ದಿನ ನಾನು ಅದರ ಪಕ್ಕದಲ್ಲೇ ಕೂತೆ. ಹೊಟ್ಟೆಗೆ ತಲೆ ಆನಿಸಿಕೊಂಡು, ಕರು ಗುದ್ದುವ ಹಾಗೆ ಕೆಚ್ಚಲನ್ನು ಮೆಲ್ಲಗೆ ಗುದ್ದಿದೆ. ನಾಲ್ಕನೆಯ ದಿನ ಅದು ನನ್ನ ಕತ್ತನ್ನು ಮೂಸಿ ಹಾಲು ಬಿಟ್ಟಿತು. ಅವತ್ತಿನಿಂದ ನನ್ನೊಬ್ಬಳ ಕೈಗೆ ಮಾತ್ರ. ನನ್ನನ್ನೇ ಕರು ಎಂದುಕೊಂಡಿತೋ, ಪಾಪ ಎಂದಿತೋ ನನಗೆ ಗೊತ್ತಿಲ್ಲ. ನಾನಂತೂ ಊರ ತುಂಬ ಹೇಳಿಕೊಂಡು ಬಂದೆ.

ಆ ವರ್ಷ ನಾಗರಪಂಚಮಿಗೆ ಮುಂಚೆ ನನಗೆ ಫಿಟ್ಸ್ ಶುರುವಾಯಿತು. ಮೊದಲನೆಯದು ಹಳಿಯಾಳದ ಸಂತೆಯಲ್ಲಿ. ಎಚ್ಚರವಾದಾಗ ಒಂದು ಕೈಯಲ್ಲಿ ಯಾರದೋ ಮನೆಯ ಬೀಗದ ಕೈ ಗೊಂಚಲು, ಮೂಗಿಗೆ ಅರ್ಧ ಹೆಚ್ಚಿದ ಉಳ್ಳಾಗಡ್ಡಿ. ಅದಕ್ಕೂ ಮುಂಚೆ ಚಪ್ಪಲಿ ಮೂಸಿಸಿದ್ದರಂತೆ. ಮೂಸಿಸಿದವರು ತಮ್ಮ ಚಪ್ಪಲಿಯಿಂದಲೇ ನಾನು ಬದುಕಿದೆ ಎಂದು ಇವತ್ತಿಗೂ ಹೇಳುತ್ತಾರೆ. ಒಂದೇ ತಿಂಗಳಲ್ಲಿ ಮೂರು ಸಲ ಬಿದ್ದೆ. ಮೂರನೆಯ ಸಲ ಒಲೆಯ ಪಕ್ಕ ಬಿದ್ದದ್ದರಿಂದ ಎಡ ಮುಂಗೈ ಸುಟ್ಟಿತು. ನಮ್ಮವರು ಮಾರನೆಯ ದಿನವೇ ಧಾರವಾಡಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರಬಾಯಿ ತಲೆಗೆ ತಂತಿ ಹಚ್ಚಿ ನೋಡಿ, ಮುಂಜಾನೆ ಒಂದು ಸಂಜೆ ಒಂದು ಮಾತ್ರೆ ಬರೆದುಕೊಟ್ಟರು. ‘ನೋಡ್ರಿ ಅಕ್ಕಾರ, ಏನರ ತ್ರಾಸ ಆದ್ರ ನನಗ ಹೇಳ್ರಿ. ನೀವ ನೀವ ಬಿಡಬ್ಯಾಡ್ರಿ’ ಎಂದರು. ನಾನು ತಲೆ ಆಡಿಸಿದೆ. ನನ್ನ ತಲೆ ಯಾವಾಗಲೂ ಬಹಳ ಸುಲಭವಾಗಿ ಆಡುತ್ತದೆ.

ಫಿಟ್ಸ್ ನಿಂತಿತು. ಬೆವರು ಶುರುವಾಯಿತು.

ನಾನು ಬೆವರುವ ಪೈಕಿಯವಳೇ ಅಲ್ಲ. ಏಪ್ರಿಲ್ ತಿಂಗಳಲ್ಲಿ ರೊಟ್ಟಿ ಬಡಿಯುತ್ತ ಕೂತರೂ ಮೂಗಿನ ತುದಿಯಲ್ಲಿ ಎರಡು ಹನಿ, ಅಷ್ಟೇ. ಈಗ ನೋಡಿದರೆ ಹೊರಗೆ ಜಿಟಿಜಿಟಿ ಮಳೆ, ಅತ್ತೆ ಕೌದಿ ಹೊದ್ದು ಕೂತಿದ್ದಾರೆ, ನಾನು ನೆನೆದು ತೊಪ್ಪೆ. ಮೊಣಕಾಲಿನ ಹಿಂದೆ, ಬೆರಳ ಸಂದಿನಲ್ಲಿ, ಕಿವಿಯ ಹಿಂದೆ, ಕಣ್ಣಿನ ರೆಪ್ಪೆಯ ಮೇಲೆ ಕೂಡ. ಸುಟ್ಟು ಹೊಸ ಚರ್ಮ ಬಂದಿದ್ದ ಜಾಗದಲ್ಲಿ ಮಾತ್ರ ಬೆವರಿಲ್ಲ, ಅದು ನುಣ್ಣಗೆ ಒಣಗಿ ನಡುಗಡ್ಡೆಯ ಹಾಗೆ ಇರುತ್ತಿತ್ತು. ಅದನ್ನು ನೋಡುತ್ತ ಎಷ್ಟೋ ಹೊತ್ತು ಕೂತದ್ದಿದೆ. ಬೇಸರ ಆಮೇಲೆ ಬಂತು. ಮೊದಲು ಬಂದದ್ದು ಬೆರಗು. ನನ್ನೊಳಗೆ ಇಷ್ಟು ನೀರಿದೆ, ಅದು ಹೊರಗೆ ಬರಲು ಇಷ್ಟು ಬಾಗಿಲುಗಳಿವೆ ಎಂದು ನಲವತ್ತು ವರ್ಷ ನನಗೆ ಗೊತ್ತೇ ಇರಲಿಲ್ಲ. ತೊಗರಿ ಕಾಳಿನಷ್ಟು ಮಾತ್ರೆಗೆ ಗೊತ್ತಿತ್ತು.

ವಾಸನೆ ಮಾತ್ರ ನನಗೆ ಬರುತ್ತಿರಲಿಲ್ಲ. ಅವರವರ ಮೈಯ ವಾಸನೆ ಅವರವರಿಗೆ ಬರುವುದಿಲ್ಲವಲ್ಲ.

ಮಾತ್ರೆ ಶುರುವಾಗಿ ಹದಿನೈದು ದಿನ ಆಗಿರಬೇಕು. ಬೆಳಗ್ಗೆ ಎಂದಿನಂತೆ ಹಿಂಡಿ ಕಲಸಿಟ್ಟು ಎಮ್ಮೆಯ ಕೆಳಗೆ ಕೂತೆ. ಕೆಲವು ದಿನದಿಂದ ಅದು ಹಾಲು ಬಿಡಲು ತಡ ಮಾಡುತ್ತಿತ್ತು. ಅವತ್ತು ಹಿಂಡಿಯಿಂದ ತಲೆಯೆತ್ತಿ, ಹಿಂದಕ್ಕೆ ತಿರುಗಿ, ನನ್ನ ಕತ್ತಿನ ಹತ್ತಿರ ಮೂಗು ತಂದು ಉದ್ದಕ್ಕೆ ಉಸಿರೆಳೆಯಿತು. ಮೂಗಿನ ಹೊಳ್ಳೆ ಅಗಲವಾಯಿತು. ಆಮೇಲೆ ‘ಫುಸ್’ ಎಂದು ಸೀನಿ ಮುಖ ತಿರುಗಿಸಿಕೊಂಡಿತು. ಕೆಚ್ಚಲು ನನ್ನ ಕೈಯಲ್ಲೇ ಬಿಗಿಯಾಯಿತು. ಅರ್ಧ ತಾಸು ಎಳೆದರೂ ಚರಗಿಯ ತಳ ಮುಚ್ಚುವಷ್ಟು ಹಾಲಿಲ್ಲ.

ಅತ್ತೆ ತಕ್ಷಣ ತೀರ್ಪು ಕೊಟ್ಟರು. ‘ದೃಷ್ಟಿ ಆಗೇತಿ. ನೀ ಊರೆಲ್ಲಾ ಹೇಳ್ಕೊಂತ ಅಡ್ಡ್ಯಾಡಿದ್ರ ಇನ್ನೇನಾಗತೈತಿ?’ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೂವರೂ ಕೆಮ್ಮಿದೆವು, ಎಮ್ಮೆಯೂ ಕೆಮ್ಮಿತು, ಹಾಲು ಬರಲಿಲ್ಲ. ಮೂರನೆಯ ದಿನ ದನದ ದವಾಖಾನೆಯ ಕಂಪೌಂಡರನನ್ನು ಕರೆಸಿದೆವು. ಅವನು ಕೆಚ್ಚಲು ಹಿಸುಕಿ ನೋಡಿದ, ಜ್ವರ ನೋಡಿದ, ಹೊಟ್ಟೆಗೆ ಕೈಯಿಟ್ಟು ‘ನಾಕ ತಿಂಗಳ ಗಬ್ಬ ಐತಿ, ಎಲ್ಲಾ ಬರೋಬ್ಬರಿ ಐತಿ’ ಎಂದ. ಆಮೇಲೆ ನನ್ನನ್ನು ಎಮ್ಮೆಯ ಹತ್ತಿರ ಹೋಗಲು ಹೇಳಿ, ತಾನು ದೂರ ನಿಂತು ನೋಡಿದ. ಎಮ್ಮೆ ಫುಸ್ ಎಂದಿತು. ಅವನು ನೆಲ ನೋಡುತ್ತ, ಬಹಳ ಸಂಕೋಚದಿಂದ ಕೇಳಿದ: ‘ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ಮೈಗೇನರ ಔಷಧ ಹಚ್ಕೊಂಡೀರೇನು?’

‘ಇಲ್ಲ. ಮಾತ್ರಿ ತೊಗೋತೇನಿ’ ಎಂದೆ.

ಅವನು ಮೆಲ್ಲಗೆ ತಲೆ ಆಡಿಸಿದ. ಅತ್ತೆಯ ಮುಖ ನೋಡಿದೆ. ಅತ್ತೆ ಮಾಡಿನ ಹಂಚು ನೋಡುತ್ತಿದ್ದರು. ಬಸ್ಸಿನ ಹೆಂಗಸರು, ಕಿಟಕಿ ತೆರೆಯುವ ಪಕ್ಕದ ಮನೆಯವಳು, ಆರತಿ ತಟ್ಟೆಯನ್ನು ಕೈ ಚಾಚಿ ದೂರದಿಂದ ಕೊಟ್ಟವಳು, ಎಲ್ಲರೂ ಒಟ್ಟಿಗೆ ನೆನಪಿಗೆ ಬಂದರು. ನಾಚಿಕೆಯಿಂದ ನನಗೆ ಇನ್ನಷ್ಟು ಬೆವರು ಬಂತು.

ಆಮೇಲೆ ಒಂದು ವಾರ ನಾನು ಮಾಡದ ಹುಚ್ಚಾಟವಿಲ್ಲ. ದಿನಕ್ಕೆ ಮೂರು ಸಲ ಸ್ನಾನ, ಲಿಂಬೆಹಣ್ಣು, ಕಡಲೆಹಿಟ್ಟು, ದಾಂಡೇಲಿಯಿಂದ ತರಿಸಿದ ಘಮಘಮ ಪೌಡರು. ಪೌಡರಿನ ದಿನ ಎಮ್ಮೆ ಕಣ್ಣಿಯನ್ನೇ ಹರಿದುಕೊಂಡಿತು. ಕೊನೆಗೆ ಅದರದೇ ವಾಸನೆ ನನಗಿರಲಿ ಎಂದು ತೋಳಿಗೆಲ್ಲ ಹಿಂಡಿ ಬಳಿದುಕೊಂಡು ಹೋದೆ. ಹಿಂಡಿಯನ್ನೆಲ್ಲ ಪ್ರೀತಿಯಿಂದ ನೆಕ್ಕಿ ಮುಗಿಸಿ, ಅಡಿಯಲ್ಲಿ ನಾನು ಸಿಕ್ಕಿದ ಕೂಡಲೇ ಚರಗಿಯನ್ನು ಒದೆಯಿತು. ನನಗೆ ಅಳು ಬರಬೇಕಿತ್ತು, ಆದರೆ ಅದರ ಮೂಗಿನ ಮೇಲೆ ಅಪಾರ ಗೌರವ ಬಂತು. ಸಾಬೂನು, ಹುಳಿ, ಹಿಟ್ಟು, ಹಿಂಡಿ ಎಲ್ಲವನ್ನೂ ಸರಿಸಿ ಅದು ಒಳಗಿನ ನನ್ನನ್ನು ಹುಡುಕುತ್ತಿತ್ತು. ಹುಡುಕಿದರೆ ನಾನು ಅಲ್ಲಿರಲಿಲ್ಲ.

ನಮ್ಮ ಕಡೆ ಎಮ್ಮೆ ಹಿಂಡುವವಳು ಅದಕ್ಕೆಂದೇ ಒಂದು ಸೀರೆ ಇಟ್ಟುಕೊಂಡಿರುತ್ತಾಳೆ. ಕೊಟ್ಟಿಗೆಯ ಗೂಟಕ್ಕೇ ಅದರ ವಾಸ, ಸಾಬೂನು ಮುಟ್ಟಿಸುವುದಿಲ್ಲ. ಅವಳು ತವರಿಗೆ ಹೋದರೆ ಮನೆಯಲ್ಲಿದ್ದವರು ಯಾರಾದರೂ ಆ ಸೀರೆ ಸುತ್ತಿಕೊಂಡು ಹಿಂಡುತ್ತಾರೆ. ಗಂಡಸರೂ ಅಷ್ಟೇ. ಮಳಗಿಯಲ್ಲಿ ನಮ್ಮಪ್ಪ ಗಿರಿಜಾ ಮೀಸೆಯ ಮೇಲೆ ಸೆರಗು ಹೊದ್ದು ಎಮ್ಮೆಗೆ ಮೋಸ ಮಾಡುವುದನ್ನು ನೋಡಿಯೇ ನಾನು ಬೆಳೆದದ್ದು. ಈಗಿನ ನನ್ನ ಸೀರೆಗೆ ಹೊಸ ಬೆವರು ಹತ್ತಿ ಕೆಟ್ಟಿತ್ತು. ಅದಕ್ಕಿಂತ ಹಿಂದಿನ ಹಸಿರು ಸೀರೆ ಹರಿದದ್ದರಿಂದ, ಕೌದಿ ಹೊಲಿಯಲೆಂದು ಅತ್ತೆ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದರು. ಅದನ್ನು ಇಳಿಸಿದೆವು. ನಾನು ಉಟ್ಟರೆ ಅದೂ ಕೆಡುತ್ತಿತ್ತು. ಅತ್ತೆಯ ಕೈಗೆ ಸಂಧಿವಾತ. ಉಳಿದವರು ನಮ್ಮವರು.

ಪಾಳಿಗೆ ಹೋಗುವ ಪ್ಯಾಂಟಿನ ಮೇಲೆಯೇ ಸೀರೆ ಸುತ್ತಿಕೊಂಡು ಅವರು ಕೊಟ್ಟಿಗೆಗೆ ಹೋದರು. ಅತ್ತೆ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ‘ನನಗ ಹೆಣ್ಣ ಮಗಳಿಲ್ಲ ಅಂತ ಕೊರಗತಿದ್ದೆ. ಇಲ್ಲೇ ಇದ್ಲಲ್ಲಾ!’ ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಎಮ್ಮೆ ತಿರುಗಿ ಸೆರಗನ್ನು ಮೂಸಿತು. ಮತ್ತೆ ಮೂಸಿತು. ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕಲು ಶುರುಮಾಡಿತು. ಚರಗಿಯಲ್ಲಿ ಹಾಲಿನ ಸದ್ದು ಕೇಳಿಸಿತು.

ಆರು ತಿಂಗಳು ಅಟ್ಟದ ಮೇಲೆ ಗಂಟಿನಲ್ಲಿದ್ದ ಹರಕು ಬಟ್ಟೆಯಲ್ಲಿ ನಾನು ಇನ್ನೂ ಇದ್ದೆ! ಅದು ಎಂಥ ವಿಚಿತ್ರ ಎಂದು ಆ ಸಂದಿಯಲ್ಲೇ ನಿಂತು ಬೆರಗಾದೆ. ಅದರ ಹಿಂದೆಯೇ ಹೊಟ್ಟೆಕಿಚ್ಚೂ ಬಂತು. ಬೇರೆ ಯಾರ ಮೇಲೂ ಅಲ್ಲ, ಮಾತ್ರೆ ನುಂಗದ ಆ ಹಳೆಯ ನನ್ನ ಮೇಲೆ. ಅವಳಿಗೆ ಎಮ್ಮೆ ಹಾಲು ಕೊಡುತ್ತಿತ್ತು, ನನ್ನನ್ನು ನೋಡಿ ಸೀನುತ್ತಿತ್ತು. ಹಾಲಿನ ಮಾತು ಹಾಗಿರಲಿ. ನನ್ನನ್ನು ಚೆನ್ನಾಗಿ ಬಲ್ಲ ಜೀವವೊಂದು ‘ಇವಳು ಅವಳಲ್ಲ’ ಎಂದದ್ದು ನನಗೆ ತಡೆಯಲಾಗಲಿಲ್ಲ.

ಮಾರನೆಯ ದಿನದಿಂದ ನಾನು ಮಾತ್ರೆ ಬಿಟ್ಟೆ.

ಯಾರಿಗೂ ಹೇಳಲಿಲ್ಲ. ಮುಂಜಾನೆ, ಸಂಜೆ ಅತ್ತೆಯ ಎದುರು ಬಾಯಿಗೆ ಹಾಕಿಕೊಂಡು, ನಾಲಿಗೆಯಡಿ ಇಟ್ಟು ನೀರು ಕುಡಿದು, ತಿಪ್ಪೆಯ ಹತ್ತಿರ ಹೋಗಿ ಉಗುಳುತ್ತಿದ್ದೆ. ಡಾಕ್ಟರಬಾಯಿಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಓದಿದ ಹೆಣ್ಣುಮಗಳ ಎದುರು ‘ನನ್ನ ಮೈ ನಾರ್ತೈತ್ರಿ, ಎಮ್ಮಿ ಸೀನ್ತೈತ್ರಿ’ ಎಂದು ಹೇಗೆ ಹೇಳುವುದು? ಫಿಟ್ಸ್ ಬಂದು ಸಂತೆಯಲ್ಲಿ ಸೀರೆ ಸರಿದು ಬಿದ್ದದ್ದಕ್ಕಿಂತ ಇದೇ ನನಗೆ ದೊಡ್ಡ ನಾಚಿಕೆಯಾಗಿತ್ತು. ಈಗ ನೆನೆದರೆ ನನಗೆ ನನ್ನ ಕಪಾಳಕ್ಕೆ ಬಾರಿಸಬೇಕೆನಿಸುತ್ತದೆ.

ನಾಲ್ಕನೆಯ ದಿನಕ್ಕೆ ಬೆವರು ಇಳಿಯಿತು. ಎಂಟನೆಯ ದಿನಕ್ಕೆ ಎಮ್ಮೆ ಸೀನುವುದನ್ನು ಬಿಟ್ಟಿತು. ಹನ್ನೊಂದನೆಯ ದಿನ, ನವರಾತ್ರಿ ನಡೆದಿತ್ತು, ‘ಇವತ್ತ ನಾನ ಹಿಂಡತೇನಿ’ ಎಂದು ಚರಗಿ ಕಿತ್ತುಕೊಂಡು ಕೂತೆ. ಎಮ್ಮೆ ತಿರುಗಿ ಕತ್ತು ಮೂಸಿತು, ಬಿಸಿ ಉಸಿರು ಬಿಟ್ಟಿತು, ಹಾಲು ಇಳಿಸಿತು. ಅದರ ಹೊಟ್ಟೆಗೆ ತಲೆಯಾನಿಸಿ ನಾನು ಅತ್ತುಬಿಟ್ಟೆ. ಸಂತೋಷಕ್ಕೇ ಅತ್ತದ್ದು. ಬೆಳಗಿನ ಬಿಸಿಲು ಕೊಟ್ಟಿಗೆಯೊಳಗೆ ಬಿದ್ದಿತ್ತು, ಚರಗಿಯಲ್ಲಿ ನೊರೆ ಏಳುತ್ತಿತ್ತು. ನನಗೆ ನೆನಪಿರುವುದು ಅಷ್ಟೇ.

ಉಳಿದದ್ದು ಅತ್ತೆ ಹೇಳಿದ್ದು. ಚರಗಿ ಉರುಳಿದ ಸದ್ದಿಗೆ ಅವರೂ ನಮ್ಮವರೂ ಓಡಿಬಂದು ನೋಡಿದರೆ ನಾನು ಎಮ್ಮೆಯ ಕೆಳಗೇ ಬಿದ್ದು ಒದ್ದಾಡುತ್ತಿದ್ದೆ. ನನ್ನ ತಲೆ ಅದರ ಹಿಂಗಾಲಿನ ಗೊರಸಿನ ಹತ್ತಿರವಿತ್ತು. ನನ್ನ ಕೈಕಾಲು ಅದಕ್ಕೆ ಬಡಿಯುತ್ತಿದ್ದವು. ‘ಎತ್ತಿದ ಕಾಲ ಎತ್ತಿದಾಂಗ ಇತ್ತು ನೋಡವಾ. ಕೆಳಗ ಇಡಲಿಲ್ಲ. ಮೂರು ಕಾಲಿನ ಮ್ಯಾಲ ನಡುಗಿಕೊಂತ ನಿಂತಿತ್ತು. ನಾವಿಬ್ಬರೂ ನಿನ್ನ ಎಳದ ಮ್ಯಾಲ ಇಟ್ಟಿತು.’ ನಮ್ಮ ಅತ್ತೆ ಯಾವುದನ್ನೂ ಸ್ವಲ್ಪ ಹೆಚ್ಚಿಸಿಯೇ ಹೇಳುವವರು. ನಮ್ಮವರನ್ನು ಕೇಳಿದೆ. ಅವರು ಯಾವುದನ್ನೂ ಕಡಿಮೆ ಮಾಡಿಯೇ ಹೇಳುವವರು. ‘ಹೌದು, ಇಡಲಿಲ್ಲ’ ಎಂದರು. ಅಷ್ಟು ದೊಡ್ಡ ಮೈಯ ಭಾರವನ್ನೆಲ್ಲ ಮೂರು ಕಾಲಿಗೆ ಹಾಕಿ, ಹೊಟ್ಟೆಯಲ್ಲೊಂದು ಕರು ಇಟ್ಟುಕೊಂಡು, ಕೆಳಗೆ ಒದ್ದಾಡುವ ನನ್ನ ತಲೆಯನ್ನು ಅದು ಕಾಯಿತು. ಇದನ್ನು ಯೋಚಿಸಿದಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಧಾರವಾಡದಲ್ಲಿ ಈ ಸಲ ಎಲ್ಲವನ್ನೂ ಹೇಳಿದೆ. ಬೆವರು, ವಾಸನೆ, ಪೌಡರು, ಸೀರೆ, ತಿಪ್ಪೆ. ಡಾಕ್ಟರಬಾಯಿ ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಪೆನ್ನು ಕೆಳಗಿಟ್ಟು, ‘ಎಮ್ಮಿ ಹೆಂಗೈತಿ ಈಗ?’ ಎಂದು ಕೇಳಿದರು. ಆಮೇಲೆ, ಈ ಔಷಧಿಯಿಂದ ಕೆಲವರಿಗೆ ಹೀಗೆ ಬೆವರು ಹೆಚ್ಚುತ್ತದೆ, ಮೈವಾಸನೆ ಬದಲಾಗುತ್ತದೆ, ಅದು ಕೊಳಕಲ್ಲ, ತಪ್ಪೂ ಅಲ್ಲ ಎಂದರು. ಒಮ್ಮೆಲೇ ಬಿಟ್ಟದ್ದಕ್ಕೆ ಚೆನ್ನಾಗಿ ಬೈದರು. ‘ಬ್ಯಾರೆ ಮಾತ್ರಿ ಅದಾವು, ಬದಲಿ ಮಾಡಬಹುದು. ಆದ್ರ ನಿಮಗ ಇದು ಚಲೋ ಹಿಡದೈತಿ. ಇದರಾಗ ಒಮ್ಮೆನೂ ಬಿದ್ದಿಲ್ಲ ನೀವು. ಪ್ರಮಾಣ ಸ್ವಲ್ಪ ಹೊಂದಿಸಿ ನೋಡೂಣು. ಬೆವರು ಕಡಿಮಿ ಆಗಬಹುದು, ಪೂರ್ತಿ ಹೋಗತೈತಿ ಅಂತ ಸುಳ್ಳು ಹೇಳೂದಿಲ್ಲ. ನೀವ ಹೇಳ್ರಿ.’

ನಾನು ಸುಟ್ಟ ಮುಂಗೈ ನೋಡಿಕೊಂಡೆ. ‘ಇದ ಇರಲ್ರಿ’ ಎಂದೆ.

ವಾಪಸ್ ಬರುವ ಬಸ್ಸು ಹಳಿಯಾಳ ದಾಟಿತು. ಆಮೇಲೆ ನಾನೇ ಕೇಳಿದೆ: ‘ನಿಮಗೂ ನಾತ ಬರ್ತಿತ್ತೇನ್ರಿ?’

‘ಬರ್ತಿತ್ತು.’

‘ಮತ್ತ ಹೇಳಲಿಲ್ಲ ಯಾಕ?’

ಅವರು ಕಿಟಕಿಯ ಕಡೆ ನೋಡಿದರು. ‘ಆ ವಾಸನಿ ಬಂದಾಗಿಂದ ನೀ ಬಿದ್ದಿರಲಿಲ್ಲ. ಅದು ಮೂಗಿಗೆ ಬಡದ್ರ ನನಗ ನಿದ್ದಿ ಹತ್ತತಿತ್ತು. ಹೋದ ವಾರ ವಾಸನಿ ಕಡಿಮಿ ಆತು. ನನಗ್ಯಾಕೋ ನಿದ್ದೀನ ಬರಲಿಲ್ಲ.’

ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವರು ನನಗೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ನನ್ನ ಸುತ್ತ ಇರುವ ಎರಡು ಮೂಗುಗಳು ಒಂದೇ ಬೆವರನ್ನು ಹೀಗೆ ಬೇರೆ ಬೇರೆ ಓದಿದ್ದವು. ನಾನು ಅವರ ಭುಜಕ್ಕೆ ತಲೆಯಿಟ್ಟು, ಸುತ್ತಲಿನವರು ಏನಾದರೂ ಅಂದುಕೊಳ್ಳಲಿ ಎಂದು ಬೆವರುತ್ತ ಕೂತೆ.

ಮಾತ್ರೆ ಮತ್ತೆ ಶುರುವಾಯಿತು, ಎಮ್ಮೆ ಮತ್ತೆ ಸೀನಿತು. ದೀಪಾವಳಿಯ ಹೊತ್ತಿಗೆ ಅದರ ಹಾಲು ತಾನಾಗಿ ಬತ್ತಿತು. ಹಸಿರು ಸೀರೆಯೂ ಅಷ್ಟರಲ್ಲಿ ನಮ್ಮವರ ವಾಸನೆ ಹತ್ತಿ ಕೆಲಸಕ್ಕೆ ಬಾರದಾಗಿತ್ತು. ಚಳಿಗಾಲವೆಲ್ಲ ನಾನು ಎಮ್ಮೆಗೆ ಮೇವು ಹಾಕಿದೆ, ನೀರು ಕುಡಿಸಿದೆ, ಕೆರೆಗೆ ಹೊಡೆದುಕೊಂಡು ಹೋದೆ. ಮೇವು ತಿಂದಿತು, ಆದರೆ ನನ್ನ ಕತ್ತಿನ ಹತ್ತಿರ ಒಂದು ದಿನವೂ ಮೂಗು ತರಲಿಲ್ಲ. ಡಾಕ್ಟರಬಾಯಿ ಹೇಳಿದಂತೆ ಬೆವರು ಸ್ವಲ್ಪ ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ದಿನ ತುಂಬುತ್ತ ಬಂದ ಹಾಗೆ ಅತ್ತೆ ಒಂದೇ ಮಾತು ಶುರುಮಾಡಿದರು: ‘ಈಯೂ ಮುಂದ ನೀ ಕೊಟ್ಟಿಗಿ ಕಡೆ ಬರಬ್ಯಾಡ. ಕರಕ್ಕ ನಿನ್ನ ವಾಸನಿ ಹತ್ತಿದ್ರ ತಾಯಿ ಹತ್ತರ ಬಿಟಗೊಳ್ಳೂದಿಲ್ಲ.’ ಅದು ಸುಳ್ಳಲ್ಲ. ಬೇರೆ ವಾಸನೆ ಹತ್ತಿದ ಕರುವನ್ನು ಕೊಂಬಿನಿಂದ ತಳ್ಳಿದ ಎಮ್ಮೆಯನ್ನು ನಾನೇ ಮಳಗಿಯಲ್ಲಿ ನೋಡಿದ್ದೇನೆ.

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ, ಬಿಸಿಲು ಚುರುಗುಟ್ಟುವಾಗ, ಅದು ಈಯಲು ಮಲಗಿತು. ನಮ್ಮವರು ಪಾಳಿಯಲ್ಲಿದ್ದರು. ದನದ ದವಾಖಾನೆಗೆ ಫೋನು ಮಾಡಿದರೆ ಕಂಪೌಂಡರ್ ಗಣೇಶಗುಡಿಯ ಕಡೆ ಎಲ್ಲೋ ಇದ್ದ, ಬರಲು ಎರಡು ತಾಸು ಬೇಕು ಎಂದ. ಅತ್ತೆ ಕೊಟ್ಟಿಗೆಯಲ್ಲಿ, ನಾನು ಹಿತ್ತಲ ಬಾಗಿಲಲ್ಲಿ. ಕರುವಿನ ಮುಂಗಾಲು ಕಾಣಿಸಿತು, ಮೂತಿ ಕಾಣಿಸಿತು, ಅಲ್ಲಿಗೇ ನಿಂತಿತು. ಅತ್ತೆ ಕಾಲು ಹಿಡಿದು ಎಳೆದರು, ಸಂಧಿವಾತದ ಬೆರಳು ಜಾರಿದವು. ಮತ್ತೆ ಹಿಡಿದರು, ಮತ್ತೆ ಜಾರಿದವು. ಕರುವಿನ ನಾಲಿಗೆ ಹೊರಗೆ ಬಂದು ನೀಲಿಯಾಗತೊಡಗಿತ್ತು.

‘ಅತ್ತೀ, ನಾ ಬರ್ತೇನಿ.’

‘ಬ್ಯಾಡ!’ ಎಂದವರು ತಮ್ಮ ಕೈಯನ್ನು ತಾವೇ ನೋಡಿಕೊಂಡು, ‘ಬಾ, ಲಗೂನ ಬಾ’ ಎಂದರು.

ಓಡಿಹೋಗಿ ಹಿಂದೆ ಕೂತು ಎರಡೂ ಕಾಲು ಹಿಡಿದೆ. ಎಮ್ಮೆ ತಿಣುಕಿದಾಗ ಎಳೆದೆ, ಅದು ನಿಲ್ಲಿಸಿದಾಗ ನಿಲ್ಲಿಸಿದೆ. ಹಣೆಯಿಂದ ಬೆವರು ಧಾರೆಯಾಗಿ ಕಣ್ಣಿಗೆ ಇಳಿಯಿತು, ಒರೆಸಿಕೊಳ್ಳಲು ಕೈಯಿರಲಿಲ್ಲ. ನಾಲ್ಕನೆಯ ಸಲಕ್ಕೆ ಕರು ಜಾರಿ ನನ್ನ ಮಡಿಲಿಗೇ ಬಿತ್ತು. ಉಸಿರಾಡುತ್ತಿರಲಿಲ್ಲ. ಮೂಗಿನ ಮೇಲಿನ ಪೊರೆ ಹರಿದು, ಬಾಯೊಳಗೆ ಬೆರಳು ಹಾಕಿ ಲೋಳೆ ತೆಗೆದೆ. ಎದೆ ಉಜ್ಜಿದೆ, ಬೆನ್ನು ಉಜ್ಜಿದೆ, ಹುಲ್ಲು ಸಿಗದೆ ನನ್ನ ಬರಿ ತೋಳಿನಿಂದಲೇ ಉಜ್ಜಿದೆ. ನನ್ನ ಕತ್ತಿನಿಂದ, ಗದ್ದದಿಂದ, ಮೊಣಕೈಯಿಂದ ಬೆವರು ಅದರ ಮೇಲೆ ತೊಟತೊಟ ಬೀಳುತ್ತಲೇ ಇತ್ತು. ಕರು ಒಮ್ಮೆ ಸೀನಿ ಉಸಿರೆಳೆಯಿತು. ಹೆಣ್ಣುಗರು. ಅದು ಈ ಲೋಕದಲ್ಲಿ ಮೊದಲು ಎಳೆದುಕೊಂಡ ಉಸಿರಿನಲ್ಲಿ ನನ್ನ ನಾತವಿತ್ತು.

ಅತ್ತೆ ಕರುವನ್ನು ತಾಯಿಯ ಮುಂದಕ್ಕೆ ದಬ್ಬಿದರು. ನಾನು ಗೋಡೆಗೆ ಅಂಟಿ ನಿಂತೆ. ಒಬ್ಬಳು ಬದುಕಲೆಂದು ನುಂಗಿದ ಮಾತ್ರೆ ಈಗ ಹುಟ್ಟಿದ ಇನ್ನೊಂದು ಜೀವಕ್ಕೆ ತಾಯಿಯನ್ನು ತಪ್ಪಿಸಿತೇ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಎಮ್ಮೆ ಎದ್ದು ನಿಂತು ಕರುವಿನ ಮೇಲೆ ಮೂಗಿಟ್ಟಿತು. ಹೊಳ್ಳೆ ಅಗಲವಾಯಿತು. ಫುಸ್ ಎಂದು ಸೀನಿತು. ಅತ್ತೆ ಕಣ್ಣು ಮುಚ್ಚಿಕೊಂಡರು.

ಎಮ್ಮೆ ಮತ್ತೆ ಮೂಸಿತು. ಹಣೆ ಮೂಸಿತು, ಬೆನ್ನು ಮೂಸಿತು, ಬಾಲದವರೆಗೂ ಹೋಗಿ ತಿರುಗಿ ಬಂದಿತು. ತನ್ನ ಹೊಟ್ಟೆಯ ನೀರು, ನನ್ನ ಮೈಯ ನೀರು ಬೆರೆತು ಆ ಕರುವಿನ ಮೇಲೆ ಒಂದೇ ಆಗಿದ್ದವು, ಬೇರೆ ಮಾಡಲು ಬರುವಂತಿರಲಿಲ್ಲ. ಗಂಟಲೊಳಗೆ ಸಣ್ಣಗೆ ಗುರುಗುಟ್ಟಿ ಎಮ್ಮೆ ನಾಲಿಗೆ ಚಾಚಿತು. ನೆಕ್ಕಿತು. ಒಮ್ಮೆ ಶುರುಮಾಡಿದ್ದೇ ತಡ, ಬಿಡಲಿಲ್ಲ. ನನ್ನ ಬೆವರು ಬಿದ್ದ ಕಡೆಯೆಲ್ಲ ಉಪ್ಪಿನ ರುಚಿಗೋ ಏನೋ ಎರಡೆರಡು ಸಲ ನೆಕ್ಕಿತು. ಅತ್ತೆ ನೆಲದ ಮೇಲೆ ಕೂತು ‘ಶಿವಾ ಶಿವಾ’ ಎನ್ನುತ್ತಿದ್ದರು. ನಾನು ಬಾಯಿ ತೆರೆದು ನಿಂತೇ ಇದ್ದೆ. ಯಾವ ಸಾಬೂನಿನಿಂದಲೂ, ಯಾವ ಸೀರೆಯಿಂದಲೂ ಆಗದ್ದು ನನ್ನ ಕಣ್ಣೆದುರಿಗೆ ಆಗುತ್ತಿತ್ತು.

ಕರು ತಡವರಿಸಿ ಎದ್ದು ಕೆಚ್ಚಲು ಹುಡುಕಿತು, ಸಿಗಲಿಲ್ಲ. ಅದನ್ನು ಹಿಡಿದು ಮೊಲೆ ಬಾಯಿಗೆ ಕೊಡಬೇಕಿತ್ತು, ನಾನೇ ಹೋಗಬೇಕಾಯಿತು. ಉಸಿರು ಬಿಗಿಹಿಡಿದು ಎಮ್ಮೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ. ಅದು ತಲೆ ತಿರುಗಿಸಿತು. ಬಿಸಿಯಾದ ಒದ್ದೆ ಮೂಗು ನನ್ನ ಕತ್ತಿಗೆ ತಾಗಿತು, ಉದ್ದಕ್ಕೆ ಉಸಿರೆಳೆಯಿತು. ನಾನು ಸೀನಿಗೆ ಕಾದೆ. ಗರಗಸದಂಥ ನಾಲಿಗೆ ನನ್ನ ಕಿವಿಯ ಹಿಂದಿನಿಂದ ಭುಜದವರೆಗೆ ಒಮ್ಮೆ ಎಳೆಯಿತು, ಮತ್ತೊಮ್ಮೆ ಎಳೆಯಿತು, ಈಗಷ್ಟೇ ಕರುವನ್ನು ನೆಕ್ಕಿದ ಹಾಗೆಯೇ. ನನ್ನ ಕೈಯಲ್ಲಿದ್ದ ಮೊಲೆ ತುಂಬಿಕೊಂಡು ಗಿಣ್ಣದ ಹಾಲು ದಪ್ಪಗೆ ಇಳಿಯಿತು. ಕರುವಿನ ಬಾಯಿಗೆ ಅದನ್ನು ಹಿಡಿದು ನಾನು ಬೆವರುತ್ತಲೇ ಕೂತಿದ್ದೆ.